ಬಿಳಿ ಹೂವಿನ ಜಗಳ

ರಾಯಚೂರು,
ಫೆಬ್ರವರಿ 20, ಶುಕ್ರವಾರ

ಚಿ. ಸೌ. ಶೈಲಜಾಳಿಗೆ ಮಾವ ವಿರೂಪಣ್ಣನ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ನಿನ್ನ ಅಪ್ಪನವರ ಮೊಣಕಾಲು ನೋವು ಹೇಗಿದೆ? ದೇವದುರ್ಗದಲ್ಲೂ ಇಷ್ಟೇ ಬಿಸಿಲೇ? ಇಲ್ಲಿ ಶಿವರಾತ್ರಿ ಮುಗಿದದ್ದೇ ತಡ, ಮಾಳಿಗೆಯ ಮೇಲೆ ಬರಿಗಾಲು ಊರಲಾಗುತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಾನು ಫೋನ್ ಹಿಡಿದ ಕೂಡಲೇ ನಿಮ್ಮತ್ತೆ ಕಸಬರಿಗೆ ಹಿಡಿದು ನನ್ನ ಕುರ್ಚಿಯ ಸುತ್ತಲೇ ಗುಡಿಸತೊಡಗುತ್ತಾಳೆ. ಅದಕ್ಕೇ ಈ ಕಾಗದ. ಸಂಜೆ ನಿಮ್ಮೂರಿಗೆ ಟೆಂಪೋ ಒಯ್ಯುವ ಶಾಮೀದಸಾಬನ ಕೈಗೆ ಕೊಡುತ್ತೇನೆ.

ಅವ್ವಾ, ನನಗೆ ಸಾಕಾಗಿದೆ. ಸಂಕ್ರಾಂತಿಯ ಮರುದಿನ ನೀನು ಚೀಲ ಹಿಡಿದು ತವರಿಗೆ ಹೊರಟಾಗ, ನಾಲ್ಕು ದಿನದಲ್ಲಿ ಎಲ್ಲಾ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಜಗಳವಾದರೂ ಯಾತಕ್ಕೆ? ಸ್ಟ್ರಾಬೆರಿ ಹೂವಿಗೆ. ಈ ಬಿಸಿಲೂರಿನಲ್ಲಿ ಸ್ಟ್ರಾಬೆರಿ ಬೆಳೆದು ತೋರಿಸುತ್ತೇನೆಂದು ನೀನು ಹಠ ಹಿಡಿದೆ, ಮಾಳಿಗೆಯ ಕುಂಡಗಳಲ್ಲಿ ಗಿಡ ನೆಟ್ಟು, ನೆರಳಿಗೆ ಪರದೆ ಕಟ್ಟಿ ಕೂಸಿನಂತೆ ಸಾಕಿದೆ. ಹೂ ಬಿಟ್ಟ ಮೇಲೆ ನಿಮ್ಮತ್ತೆ ಅಷ್ಟನ್ನೂ ಕಿತ್ತು ಲಿಂಗಕ್ಕೆ ಏರಿಸಿದಳು. "ಹೂವು ಹರಿದರ ಹಣ್ಣು ಎಲ್ಲಿಂದ ಬರತಾವ್ರೀ ಅತ್ತಿ?" ಎಂದು ನೀನು. "ನಮ್ಮ ಮನ್ಯಾಗ ಏನ ಬೆಳೀಲಿ, ಮೊದಲ ದೇವರಿಗೆ" ಎಂದು ಅವಳು. "ಒಂದ ಹಣ್ಣರ ಆದ ದಿನ ಹೇಳಿ ಕಳಸ್ರಿ, ಬರತೀನಿ" ಎಂದು ಬಾಗಿಲಲ್ಲಿ ಹೇಳಿ ಹೋದವಳು ನೀನು, ಈ ಕಡೆ ತಿರುಗಿ ನೋಡಿಲ್ಲ. ನಿನ್ನ ಗಂಡ ಶಿವರಾಜನೋ, ರೈಸ್ ಮಿಲ್ಲಿನಿಂದ ಬಂದವನೇ "ಇಬ್ಬರೂ ನನ್ನವರ ಅದಾರ" ಎಂದು ಉಂಡು ಮಲಗಿಬಿಡುತ್ತಾನೆ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅನ್ನುತ್ತಾರೆ. ನನಗೆ ಸಿಕ್ಕ ಲಾಭ ಎರಡು ಹೊತ್ತು ಮಾಳಿಗೆಗೆ ನೀರು ಹೊರುವುದು.

ಹೂವು ಕೀಳುವುದು ಇನ್ನೂ ನಿಂತಿಲ್ಲ. ಹಣ್ಣಿನ ಆಸೆ ಬಿಟ್ಟ ಗಿಡಗಳು ಈಗ ದಾರದಂಥ ಬಳ್ಳಿಗಳನ್ನು ಚಾಚಿವೆ, ಒಂದೊಂದರ ತುದಿಗೂ ಒಂದು ಮರಿ ಗಿಡ. ಬೇಡದ ಬಳ್ಳಿಯೆಂದು ನಾನು ಕತ್ತರಿ ತಂದರೆ ನಿಮ್ಮತ್ತೆ ನನ್ನ ಕೈ ಹಿಡಿದಳು. "ಮರಿ ಬೇರು ಹಿಡಿಯೂತನಕ ತಾಯಿಂದ ಬಿಡಸಬಾರದು. ಶೈಲಜಾ ಹೇಳಿಲ್ಲೇನು?" ನೀನು ಅದನ್ನು ಹೇಳುವಾಗ ಕೇಳಿಸದವಳ ಹಾಗೆ ಮುಖ ತಿರುಗಿಸಿ ಅಕ್ಕಿ ಆರಿಸುತ್ತ ಕೂತವಳು ಇವಳೇ. ಈಗ ಹಳೆಯ ಎಣ್ಣೆ ಡಬ್ಬಿಗಳಿಗೆ ಮಣ್ಣು ತುಂಬಿ, ಮರಿಗಳನ್ನು ಅದರ ಮೇಲೆ ಕೂರಿಸಿ, ಬಳ್ಳಿ ಅಲುಗದಂತೆ ತನ್ನ ತುರುಬಿನ ಪಿನ್ನುಗಳನ್ನು ಚುಚ್ಚಿಟ್ಟಿದ್ದಾಳೆ. ತುರುಬು ಬಿಚ್ಚಿ ಬೀಳುತ್ತದೆ, ಹೊಸ ಪಿನ್ನು ತರಲಿಲ್ಲವೆಂದು ನನಗೆ ಬೈಗುಳ. ನಿನ್ನನ್ನು ಕರೆಯೋಣವೇ ಅಂದರೆ ಮಾತ್ರ "ಹೋದಾಕಿಗೆ ಬರೂ ದಾರಿ ಗೊತ್ತದ" ಅನ್ನುತ್ತಾಳೆ. ಮೂಲೆಯ ಕುಂಡವೊಂದರ ಮೇಲೆ ತಂತಿ ಜರಡಿ ಬೇರೆ ಕವುಚಿಟ್ಟಿದ್ದಾಳೆ. "ಅಳಿಲು ಬರತಾವ, ನೀವು ಅದರ ಹಂತೇಕ ಹೋಗಬ್ಯಾಡ್ರಿ" ಎಂದು ನನ್ನನ್ನೂ ಅಳಿಲಿನ ಲೆಕ್ಕಕ್ಕೆ ಸೇರಿಸಿದ್ದಾಳೆ.

ನೇರವಾಗಿಯೇ ಬರೆಯುತ್ತೇನೆ, ನೀನಿಲ್ಲದ ಮನೆ ನನಗೆ ಹಿಡಿಸುತ್ತಿಲ್ಲ. ಊಟಕ್ಕೆ ಕೂತರೆ ಮಾತಾಡುವವರಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಸೋಲಿರಿ. ಯಾರು ಸೋತರೂ ನನಗೆ ಅಡ್ಡಿಯಿಲ್ಲ.

ನಿನ್ನ ತಂದೆ ತಾಯಿಗೆ ನನ್ನ ಶರಣು ತಿಳಿಸು. ನಿನಗೆ ಒಳ್ಳೆಯದಾಗಲಿ, ಸಿಟ್ಟು ತುಸು ಇಳಿಯಲಿ.

ನಿನ್ನ ಮಾವ,
ವಿರೂಪಣ್ಣ

ತಡೆ, ಇನ್ನೊಂದು ಮಾತು: ಶಾಮೀದಸಾಬ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಈಗ ನೀರು ಹಾಕಲು ಹೋದವನು ಜರಡಿ ಎತ್ತಿ ನೋಡಿಬಿಟ್ಟೆ. ಕೆಳಗೆ ಒಂದು ಹಣ್ಣಿದೆ, ಪೂರ್ತಿ ಕೆಂಪಾಗಿದೆ. ನೀನು ಹೋದ ಮೇಲೆ ಆ ಗಿಡದ ಒಂದು ಹೂವನ್ನು ಅವಳು ಕೀಳದೆ ಬಿಟ್ಟಿದ್ದಾಳೆ. ಇದನ್ನೂ ಲಿಂಗದ ಮುಂದಿಡುತ್ತೀಯೇನು ಎಂದು ಕೆಣಕಿದೆ. ನನ್ನ ಕಡೆ ನೋಡದೆ ಹೇಳಿದಳು: "ಅದು ಶೈಲಜಾಂದು. ದೇವರು ತಡೀತಾನ, ಹಣ್ಣು ತಡಿಯಂಗಿಲ್ಲ. ನಾಳೆನ ಬಾ ಅಂತ ಬರೀರಿ."