ಟೆಸ್ಟಿಂಗ್ ಹಾಡಿನ ಉಳಿದ ಭಾಗ

ಲೇಡೀಸ್ ಹಾಸ್ಟೆಲ್, ಮಂಡ್ಯ
9 ನವೆಂಬರ್ 2025, ಭಾನುವಾರ

ಪ್ರೀತಿಯ ಸಂತೋಷ್ ಚಿಕ್ಕಪ್ಪಾ,

ಮೊದಲು ಸಾರಿ. ಮಾತೇ ಬೇಡ ಅಂತ ಊರು ಬಿಟ್ಟವನಿಗೆ ಹಿಂದಿನಿಂದ ಕಾಗದ ಕಳಿಸುವುದು ತಪ್ಪೇನೋ. ಆದರೆ ನೀನು ನಮ್ಮ ಯಾರ ಫೋನೂ ಎತ್ತುವುದಿಲ್ಲ. ನಿನ್ನ ಸ್ಪೀಕರ್ ಹೊರುತ್ತಿದ್ದ ಚಿಕ್ಕಮಾದು ಅಣ್ಣನನ್ನು ಕಾಡಿಸಿ ಕೊಯಮತ್ತೂರಿನ ಅಡ್ರೆಸ್ ತೆಗೆದುಕೊಂಡೆ, ಅವನನ್ನು ಬೈಯಬೇಡ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಅಲ್ಲೂ ಆ ದೊಡ್ಡ ಬಾಕ್ಸುಗಳನ್ನು ಒಬ್ಬನೇ ಎತ್ತುತ್ತೀಯಾ? ಆರನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಓದಿ ನನ್ನ ಕನ್ನಡ ಊರಿನ ಥರ ಇಲ್ಲ, ಅಡ್ಜಸ್ಟ್ ಮಾಡಿಕೋ.

ಚೆನ್ನಾಗಿದ್ದೇನೆ ಅಂತ ಅಮ್ಮನಿಗೆ ಹೇಳಿದ್ದೇನೆ. ನಿಜ ಅಂದರೆ, ಈ ಹೊಸ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ತಟ್ಟೆ ಹಿಡಿದು ಯಾರ ಪಕ್ಕ ಕೂರಲಿ ಅಂತ ನೋಡುವಷ್ಟರಲ್ಲಿ ಸಾರು ಆರಿಹೋಗುತ್ತದೆ. ಯಾರಾದರೂ ಸಿಗಲಿ ಅಂತ ಕಾಲೇಜಿನ ಮ್ಯೂಸಿಕ್ ಕ್ಲಬ್ ಸೇರಿದೆ. ಅಲ್ಲಿ ಶನಿವಾರ ಸಂಜೆ ಹಳೆಯ ರಾಕ್ ಆಲ್ಬಂ ಒಂದನ್ನು ಕೇಳಿ, ಒಂದೊಂದು ಹಾಡು ಮುಗಿದಾಗಲೂ ಒಬ್ಬರು ಎದ್ದು ಅದರ ಬಗ್ಗೆ ಮಾತಾಡಬೇಕು. ನಿನ್ನೆ ನನ್ನ ಸರದಿ. ಹಾಕಿದ್ದು ನಿನ್ನ ಕ್ಯಾಸೆಟ್ಟಿನ ಆಲ್ಬಂ, ರಟ್ಟಿನ ಮೇಲೆ ಒಂಟಿ ದೀಪದ ಕಂಬ ಇತ್ತಲ್ಲ, ಅದೇ. ಅದನ್ನು ಕೇಳಿ ಗಿಟಾರ್ ಹಿಡಿದವರು ಪ್ರಪಂಚದ ತುಂಬಾ ಇದ್ದಾರಂತೆ. ಬೆಸಗರಹಳ್ಳಿಯಲ್ಲಿ ಅದರ ಪ್ರಭಾವವೇ ಬೇರೆ. ಮದುವೆಯ ಬೆಳಗ್ಗೆ ದೇವರ ಹಾಡಿಗೂ ಮುಂಚೆ ಮೈಕ್‌ಸೆಟ್ ಪರೀಕ್ಷೆಗೆ ನೀನು ಅದರ ಮೊದಲ ಹಾಡನ್ನೇ ಹಾಕುತ್ತಿದ್ದೆ. ಡ್ರಮ್ ಶುರುವಾದ ಕೂಡಲೇ ಕಟ್ ಮಾಡಿ "ಹಲೋ, ಮೈಕ್ ಟೆಸ್ಟಿಂಗ್" ಅನ್ನುತ್ತಿದ್ದೆ. ಆ ಗಿಟಾರ್ ಕೇಳಿಸಿದರೆ ಮದುವೆಮನೆಯಲ್ಲಿ ಒಲೆ ಹತ್ತಿದೆ ಅಂತ ಊರಿಗೇ ಗೊತ್ತಾಗುತ್ತಿತ್ತು. ಅಜ್ಜಿ ಮಾತ್ರ ಕಾಫಿ ಲೋಟ ಹಿಡಿದು ನಿನ್ನ ಹತ್ತಿರ ಬಂದು, "ನಿನ್ನ ಇಂಗ್ಲಿಸ್ ಸುಪ್ರಭಾತ ಮುಗೀತೇನ್ಲಾ" ಅನ್ನುತ್ತಿದ್ದರು.

ಅದಕ್ಕೇ ನಿನ್ನೆ ಡ್ರಮ್ ಬಂದ ತಕ್ಷಣ ಹಾಡು ಮುಗಿಯಿತು ಅಂದುಕೊಂಡು, ಎದ್ದು ಮಾತು ಶುರು ಮಾಡಿಬಿಟ್ಟೆ. ಹಾಡು ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಎಲ್ಲರೂ ನಕ್ಕರು. ಮಳವಳ್ಳಿಯ ಸೀನಿಯರ್ ಒಬ್ಬಳು, "ಲೇ, ಇನ್ನೂ ಮುಕ್ಕಾಲು ಐತೆ ಕಣೇ, ಕೂತ್ಕೊ" ಅಂದಳು. ಕೂತೆ. ಹುಟ್ಟಿದಾಗಿನಿಂದ ಗೊತ್ತಿದ್ದ ಹಾಡಿನ ಉಳಿದ ಭಾಗವನ್ನು ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಕೇಳಿದೆ. ಆ ಡ್ರಮ್ಮಿನ ಗಲಾಟೆ ಸ್ವಲ್ಪ ಹೊತ್ತಷ್ಟೇ, ಚಿಕ್ಕಪ್ಪಾ. ಆಮೇಲೆ ಎಲ್ಲ ನಿಂತು ಒಂದೇ ಒಂದು ಗಿಟಾರ್, ಯಾರೋ ಬಾಗಿಲಲ್ಲಿ ನಿಂತು ಒಳಗೆ ಬರಲಾ ಅಂತ ಕೇಳುವ ಹಾಗೆ. ಹಾಸ್ಟೆಲ್ಲಿಗೆ ಒಬ್ಬಳೇ ನಡೆದು ಬಂದೆ, ದಾರಿಯುದ್ದಕ್ಕೂ ಹೋದ ವರ್ಷದ ಅಜ್ಜಿಯ ತಿಥಿಯೇ ನೆನಪು.

ಅವತ್ತು ಭಜನೆಗೆ ಮೈಕ್ ಕಟ್ಟಿದ ನೀನು ಅದೇ ಹಾಡು ಹಾಕಿದೆ, ಡ್ರಮ್ ಬಂದರೂ ಕಟ್ ಮಾಡಲಿಲ್ಲ. ಅಪ್ಪ ನೆಂಟರ ಎದುರಿಗೇ, "ಸಾವಿನ ಮನೇಲಿ ಡಿಸ್ಕೋ ಹಾಕ್ತೀಯೇನ್ಲಾ" ಅಂತ ವೈರು ಕಿತ್ತರು. ನೀನು ವೈರು ಸುತ್ತಿಟ್ಟು, ಸೆಟ್ಟನ್ನು ಅಲ್ಲೇ ಬಿಟ್ಟು ಮದ್ದೂರಿನ ಬಸ್ಸು ಹತ್ತಿದೆ. ಆ ಒಂಟಿ ಗಿಟಾರಿನವರೆಗೂ ಅಜ್ಜಿಗೆ ಕೇಳಿಸಬೇಕಿತ್ತು ನಿನಗೆ, ಅಲ್ವಾ?

ಇವತ್ತು ಬೆಳಗ್ಗೆ ಫೋನಿನಲ್ಲಿ ಅಪ್ಪನಿಗೆ ಆ ಹಾಡು ಕೇಳಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಪೂರ್ತಿ ಕೇಳಿದರು. ಆಮೇಲೆ, "ಮುಂದಕ್ಕೆ ಇಷ್ಟು ಮೆತ್ತಗೈತೇನವ್ವಾ ಇದು" ಅಂದು ಇಟ್ಟುಬಿಟ್ಟರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೆಳಗಿನ ಕಾಫಿ ಬಿಡಬೇಡ, ಕೊಡಲು ಅಜ್ಜಿ ಇಲ್ಲದಿದ್ದರೂ.

ನಿನ್ನ
ಗಗನ

ಅಂಚೆಗೆ ಹಾಕುವ ಮುಂಚೆ ಇನ್ನೊಂದು: ನಮ್ಮ ಅಮೃತಕ್ಕನ ಮದುವೆ ಈ ತಿಂಗಳ ಮೂವತ್ತಕ್ಕೆ. ಹುಡುಗ ಕೊಪ್ಪದವನು, ಚಪ್ಪರ ನಮ್ಮ ಮನೆ ಮುಂದೆಯೇ. ಅಡುಗೆಯವರಿಗೂ ಶಾಮಿಯಾನದವರಿಗೂ ಹೇಳಿಯಾಯಿತು. ಮೈಕ್‌ಸೆಟ್ಟಿಗೆ ಮಾತ್ರ ಅಪ್ಪ ಯಾರಿಗೂ ಹೇಳಿಲ್ಲ. ಅಮ್ಮ ಈಗಷ್ಟೇ ಫೋನ್ ಮಾಡಿದ್ದಳು. ಅವಳು ಮತ್ತೆ ಕೇಳಿದ್ದಕ್ಕೆ ಅಪ್ಪ, "ಮನೇದೇ ಐತಲ್ಲ, ಬುಡು" ಅಂದು ನಿನ್ನ ಬಾಕ್ಸುಗಳ ಧೂಳು ಒರೆಸುತ್ತಿದ್ದಾರಂತೆ. ಅವರಾಗಿ ನಿನ್ನನ್ನು ಕರೆಯುವುದಿಲ್ಲ, ನಿನಗೆ ಗೊತ್ತು. ಬರುತ್ತೀಯಾ? ಬೇಗ ಉತ್ತರ ಬರಿ.