ಸೀಸೆಯ ಮೇಲಿನ ‘ಮ’

ಭಾನುವಾರ, ಬೆಳಿಗ್ಗೆ

ನನ್ನ ಸಿಡುಕಿ ಅಮ್ಮನಿಗೆ,

ಇಷ್ಟು ದಿನ ಫೋನ್ ಎತ್ತದವಳು ಈಗ ಕಾಗದ ಬರೆದಿದ್ದಾಳೆಂದು ಮೂಗು ಮುರಿಯಬೇಡ. ಕೆಲಸ ತಲೆಯ ಮೇಲಿತ್ತು, ಅಷ್ಟೇ. ಈಗ ಎದೆ ಹಗುರವಾಗಿದೆ. ಅದನ್ನು ಮೊದಲು ನಿನಗೇ ಹೇಳಬೇಕೆನಿಸಿತು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಸಮುದ್ರದ ತಳದಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಸ್ಪಂಜು ಎಂಬ ಜೀವಿಯಿಂದ ಒಂದು ಸಂಯುಕ್ತ ತೆಗೆದಿದ್ದೇವೆ. ನಿನ್ನಂತೆ ಕೀಲು ಊದುವವರಲ್ಲಿ ಬಿಳಿ ರಕ್ತಕಣಗಳು ವಿನಾಕಾರಣ ರೇಗಿ, ಬಾವು ಬರಿಸುವ ಒಂದು ಪ್ರೋಟೀನನ್ನು ರಾಶಿ ರಾಶಿ ತಯಾರಿಸುತ್ತವೆ. ನಮ್ಮ ಸಂಯುಕ್ತ ಅದನ್ನು ತಗ್ಗಿಸುತ್ತದೆಯೇ ಎಂದು ನೋಡಬೇಕು.

ನಿನ್ನ ಮೊಣಕಾಲು ಊದಿತೆಂದು ರಜೆ ಹಾಕಿ ಬಂದೆನಲ್ಲ, ಆಗ ಪಕ್ಕದ ಮೇಜಿನ ಗೆಳತಿ ಗುಬ್ಬಿಗೆ ಎಲ್ಲ ವಹಿಸಿದ್ದೆ. ವಾಪಸು ಹೋಗಿ ನೋಡಿದರೆ ಪರೀಕ್ಷೆಗಿಟ್ಟ ತಟ್ಟೆಗಳಲ್ಲಿ ಒಂದು ಬಿಳಿ ರಕ್ತಕಣವೂ ಬದುಕಿರಲಿಲ್ಲ. ಇದು ಮದ್ದಲ್ಲಮ್ಮ, ವಿಷ, ತಿಂಗಳ ಕೊನೆಗೆ ನಿಲ್ಲಿಸಿಬಿಡು ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ತಣ್ಣಗೆ ಹೇಳಿದರು. ಮೂರು ವರ್ಷದ ದುಡಿಮೆ ಮಣ್ಣುಪಾಲಾಯಿತೆಂದುಕೊಂಡೆ. ನಿನಗಾಗಿ ರಜೆ ಹಾಕಿದ್ದರಿಂದಲೇ ಹೀಗಾಯಿತೆಂದು ನೀನು ಕೊರಗಿದ್ದೂ ಅಣ್ಣನಿಂದ ಗೊತ್ತಾಯಿತು.

ಮೊನ್ನೆ ಗುಬ್ಬಿ ಅದೇ ಕೆಲಸ ಇನ್ನೊಮ್ಮೆ ಮಾಡುವಾಗ ಪಕ್ಕದಲ್ಲೇ ನಿಂತಿದ್ದೆ. ಸಂಯುಕ್ತದ ಗಾಢ ದ್ರಾವಣಕ್ಕೆ ಲ್ಯಾಬಿನಲ್ಲಿ ‘ಮದರ್’ ಎಂದೇ ಹೆಸರು. ಅದನ್ನು ನೂರು ಪಟ್ಟು ತೆಳು ಮಾಡಿದ್ದನ್ನು ಮಾತ್ರ ಕಣಗಳಿಗೆ ಕೊಡಬೇಕು. ನಾನೋ, ಮುದ್ದಿಗೆ ಗಾಢ ಸೀಸೆಯ ಮೇಲೆ ‘ಅ’, ತೆಳು ಸೀಸೆಯ ಮೇಲೆ ‘ಮ’ ಎಂದು ಬರೆದಿದ್ದೆ. ಅಮ್ಮ, ಮಗಳು. ಗುಬ್ಬಿ ‘ಮ’ ಎಂದರೆ ಮದರ್ ಎಂದುಕೊಂಡು ಅದನ್ನು ಜೋಪಾನವಾಗಿ ಎತ್ತಿಟ್ಟಳು, ‘ಅ’ ಸೀಸೆಗೆ ಕೈಹಾಕಿದಳು. ‘ಅ’ ಅಂದ್ರೆ ಏನೇ ಎಂದು ಕೇಳಿದೆ. ಅಳತೆ ಮಾಡಿಟ್ಟಿದ್ದು ಅಲ್ವಾ ಎಂದಳು. ಹೋದ ಸಲ ಕಣಗಳನ್ನು ಕೊಂದದ್ದೂ ತೆಳು ಮಾಡದ ಅದೇ ‘ಅ’! ನಾನು ನಕ್ಕ ಸದ್ದಿಗೆ ಮೇಡಂ ಎದ್ದು ಬಂದರು.

ಮಗಳನ್ನು ಕೊಟ್ಟು ಮತ್ತೆ ಮಾಡಿದೆವು. ಪ್ರೋಟೀನು ಹೆಚ್ಚಿದ್ದಷ್ಟೂ ದಪ್ಪ ಗೆರೆ ಮೂಡುವ ಒಂದು ಪರೀಕ್ಷೆ ಇದೆ. ನಿನ್ನೆ ಸಂಜೆ ಅದರಲ್ಲಿ ನೋಡಿದರೆ ಬಾವಿನ ಪ್ರೋಟೀನಿನ ಗೆರೆ ಮಸುಕಾಗಿತ್ತು. ಜೀವಂತ ಕಣಗಳಲ್ಲೆಲ್ಲ ಇರುವ ಇನ್ನೊಂದು ಪ್ರೋಟೀನಿನ ಗೆರೆ ಮಾತ್ರ ಹಾಗೇ ದಪ್ಪಗಿತ್ತು. ಕಣಗಳು ಸತ್ತಿರಲಿಲ್ಲ, ಸುಮ್ಮನಾಗಿದ್ದವು. ಮೇಡಂ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ, ಮುಂದುವರಿಸು ಎಂದರು. ಸೀಸೆಗಳಿಗೆ ನೆಂಟಸ್ತಿಕೆ ಕಟ್ಟೋದು ಬಿಡು ಅಂತಲೂ ಸೇರಿಸಿದರು.

ಅಮ್ಮನನ್ನು ತೆಳು ಮಾಡದೆ ಕೊಟ್ಟರೆ ಯಾರು ತಾನೇ ತಡೆದುಕೊಳ್ಳುತ್ತಾರೆ ಎಂದು ಇಲ್ಲಿ ಎಲ್ಲರಿಗೂ ನಗು. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ.

ಇದು ಮದ್ದಾಗಲು ವರ್ಷಗಳೇ ಬೇಕು, ಆಗದೆಯೂ ಇರಬಹುದು. ಆಸೆ ಕಟ್ಟಿಕೊಂಡು ಈಗಿನ ಮಾತ್ರೆ ತಪ್ಪಿಸಬೇಡ.

ಇಂತಿ,
ನಿನ್ನ ‘ಮ’

ಮ.ವಿ.: ಕೆಲಸ ತಲೆಯ ಮೇಲಿತ್ತು ಎಂದದ್ದು ಪೂರ್ತಿ ನಿಜವಲ್ಲ. ಹಿಂದಿನ ಸಲ ನೀನು ಲ್ಯಾಬಿಗೆ ಬಂದಾಗ, ಊದಿದ ಕೈಯ ರಕ್ತ ಇನ್ಯಾರಿಗೆ ಬೇಕು, ತಗೊಳ್ಳಿ ಎಂದು ಕೊಟ್ಟು ಹೋಗಿದ್ದೆಯಲ್ಲ? ಅದರ ಬಿಳಿ ಕಣಗಳನ್ನು ಹೆಪ್ಪುಗಟ್ಟಿಸಿಟ್ಟು ಸ್ವಲ್ಪ ಸ್ವಲ್ಪವೇ ಬಳಸುತ್ತಿದ್ದೇವೆ. ಆ ತಟ್ಟೆಗಳಲ್ಲಿ ಸತ್ತದ್ದು ನಿನ್ನ ಕಣಗಳು. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆಂದು ಫೋನ್ ಎತ್ತಲಿಲ್ಲ. ನಿನ್ನೆ ಸುಮ್ಮನಾದವೂ ನಿನ್ನವೇ, ಅಮ್ಮ. ಕಾಗದ ಸಿಕ್ಕ ಕೂಡಲೇ ಫೋನ್ ಮಾಡು, ಎತ್ತುತ್ತೇನೆ.