ಹಿಂಬದಿ ಮೆಟ್ಟಿಲ ಅರ್ಧ ಗಂಟೆ

ಅಕ್ಕಾ,

ನಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರ ನೋಡಿಕೊಳ್ಳುವ ಹಿರಿಯರು ನನ್ನಿಂದಾಗಿ ಎರಡನೇ ಪಾಳಿಗೆ ಬದಲಿ ಕೇಳಿದ್ದಾರೆ. ಬೆಳಿಗ್ಗೆ ಮೇಸ್ತ್ರಿಯೇ ಹೇಳಿದರು.

ಸೇರಿದ ದಿನವೇ ನೋಡಿದ್ದೆ. ಊಟದ ಹೊತ್ತಿಗೆ ಅವರು ಹಿಂಬದಿ ಮೆಟ್ಟಿಲ ಮೇಲೆ ಒಬ್ಬರೇ ಕೂತು, ಮಡಿಲಲ್ಲಿ ಬಟ್ಟೆ ಹಾಸಿಕೊಂಡು, ಸೇಬನ್ನು ತೆಳ್ಳಗೆ ಹೆಚ್ಚಿ ನಿಧಾನವಾಗಿ ತಿನ್ನುತ್ತಿದ್ದರು. ಮನೆಯಲ್ಲಿ ಯಾರಾದರೂ ಒಬ್ಬರೇ ಉಣ್ಣಲು ಕೂತರೆ ನೀನು ಜ್ವರವೇನೋ ಎಂದು ಹಣೆ ಮುಟ್ಟಿ ನೋಡುತ್ತೀಯಲ್ಲ, ಹಾಗೆ ನನಗೂ ಕರುಳು ಚುರುಕ್ ಎಂದಿತು. ಮೂರು ವಾರ ಬಿಡದೆ ಪಕ್ಕ ಕೂತು ಮಾತಾಡಿಸಿದೆ. ಪುಣ್ಯದ ಕೆಲಸ ಎಂದುಕೊಂಡಿದ್ದೆ.

"ಈ ಗದ್ದಲದಲ್ಲಿ ಅವರಿಗೆ ಸುಖ ಅಂತ ಇದ್ದದ್ದೇ ಆ ಅರ್ಧ ಗಂಟೆ ಕಣಪ್ಪ. ನಿನಗೆ ಹೇಳೋಕೆ ಸಂಕೋಚ. ನಿಮ್ಮಕ್ಕನ ಮದುವೆ ಕಥೆಯನ್ನೇ ಎರಡು ಸಲ ಕೇಳಿದ್ದಾರಂತೆ" ಎಂದರು ಮೇಸ್ತ್ರಿ.

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರಿಗೆ ಅರವತ್ತು ಸಮೀಪಿಸಿದೆ. ಎರಡನೇ ಪಾಳಿಯಾದರೆ ಮನೆ ಸೇರುವುದು ರಾತ್ರಿ ಹನ್ನೊಂದಕ್ಕೆ. ಅವರ ಬದಲು ನನ್ನನ್ನೇ ಹಾಕಿ ಎಂದು ಬರೆದುಕೊಟ್ಟೆ. ಮೇಸ್ತ್ರಿ ಒಪ್ಪಿದರು. ಆ ಹಿರಿಯರ ಹತ್ತಿರ ಕ್ಷಮೆ ಕೇಳಲೂ ಹೋಗಲಿಲ್ಲ, ಅದೂ ಮಾತೇ ತಾನೇ.

ನನ್ನ ಕೆಮ್ಮು ವಾಸಿಯಾಗಿದೆ. ಸೋಮವಾರ ಮಧ್ಯಾಹ್ನ ಎರಡಕ್ಕೆ ಹೊಸ ಪಾಳಿ ಶುರು.

ನಿನ್ನ ತಮ್ಮ